ಹಿಂದಿನ ಕೋಣೆಗೆ ಬರುವ ಮೇಷ್ಟ್ರು

ಜನವರಿ 9, ಗುರುವಾರ

ಬೆಳಗಿನಿಂದ ಬೆಡ್‌ಶೀಟೇ ಬೆಡ್‌ಶೀಟು. ಇಸ್ತ್ರಿಪೆಟ್ಟಿಗೆ ಕೆಳಗಿಡಲಿಲ್ಲ. ಅದರ ಮಧ್ಯೆ ಮೈದುನ ಬಂದ. ಕಂಪ್ಯೂಟರಿನಲ್ಲಿರುವ ಪಾಠ ನನ್ನ ಫೋನಿಗೆ ಬರುವ ಹಾಗೆ ಮಾಡಿಕೊಟ್ಟ. ಮೊಬೈಲ್ ರಿಪೇರಿಯವನು, ಇಂಥದ್ದೆಲ್ಲ ಅವನಿಗೆ ನೀರು ಕುಡಿದಷ್ಟು ಸುಲಭ.

ಕಂಪ್ಯೂಟರ್ ಇರುವುದು ಮುಂದಿನ ಕೋಣೆಯಲ್ಲಿ. ಅದರ ಸ್ಪೀಕರ್ ಸತ್ತು ಯಾವ ಕಾಲವಾಯಿತೋ. ಟ್ಯುಟೋರಿಯಲ್‌ನವರು ಕೊಟ್ಟ ಹತ್ತನೇ ಕ್ಲಾಸಿನ ವಿಡಿಯೋ ಎಲ್ಲ ಅದರ ಹೊಟ್ಟೆಯಲ್ಲೇ. ನನ್ನ ಫೋನಿನಲ್ಲಿ ಜಾಗವಿಲ್ಲ. ನಾನೋ ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜು ಬಿಟ್ಟು ಕದಲುವ ಹಾಗಿಲ್ಲ. ಈಗ ಎರಡಕ್ಕೂ ಒಂದೊಂದು ಆ್ಯಪ್ ಹಾಕಿದ್ದಾನೆ. ಅಲ್ಲಿ ಮೇಷ್ಟ್ರು ಬಾಯಿ ತೆರೆದರೆ ಇಲ್ಲಿ ನನ್ನ ಕಿವಿಯಲ್ಲಿ.

"ಶಾಕ್ ಹೊಡೆಯಲ್ವಾ?" ಅಂದೆ.

"ವೈರೇ ಇಲ್ಲ ಅತ್ತಿಗೆ, ಎಲ್ಲಿಂದ ಹೊಡೆಯುತ್ತೆ?"

ಅದೇ ಭಯ. ವೈರಿದ್ದರೆ ಎಲ್ಲಿದೆ ಅಂತಾದರೂ ಗೊತ್ತಿರುತ್ತದೆ.

ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಖಾಯಂ ಕೆಲಸ ಇದೆ. ಹತ್ತನೇ ಪಾಸಾಗಿದ್ದರೆ ಮಾತ್ರ. ನಾನು ಏಳಕ್ಕೇ ಬಿಟ್ಟವಳು, ಈಗ ಹತ್ತನೆಯದಕ್ಕೆ ಕಟ್ಟಿದ್ದೇನೆ. ಫೇಲಾದರೆ ಯಾರಿಗೆ ಮುಖ ತೋರಿಸಲಿ...

ಜನವರಿ 13, ಸೋಮವಾರ

ಇವತ್ತು ವಿಚಿತ್ರ. ಕರೆಂಟಿನ ಪಾಠ. ದಿಂಬಿನ ಕವರು ಮಡಿಸುವಾಗ ಗಮನ ತಪ್ಪಿತು. ಏನೋ ಅಭ್ಯಾಸಬಲ — "ಇನ್ನೊಂದ್ಸಲ ಹೇಳಿ ಸಾರ್" ಅಂದುಬಿಟ್ಟೆ. ಹೇಳಿದರು! ಅದೇ ಮಾತು, ಅದೇ ಕೆಮ್ಮು, ಮೊದಲಿನಿಂದ.

ಅಲ್ಲಿಂದ ಇಲ್ಲಿಗೆ ಬರುವುದಾದರೆ ಇಲ್ಲಿಂದ ಅಲ್ಲಿಗೂ ಹೋಗುತ್ತದೆ. ಹೋಗಲೇಬೇಕಲ್ಲ, ಫೋನಲ್ಲವೇ. ಬೆಳಗ್ಗೆ ಗಂಡನ ಜೊತೆ ಆಡಿದ ಜಗಳ? ದೇವರೇ, ಅದೂ ಹೋಯಿತೇ?

ಮೈದುನನನ್ನು ಕೇಳೋಣವೆಂದರೆ ನಗುತ್ತಾನೆ. ಬೇಡ.

ಜನವರಿ 27, ಸೋಮವಾರ

ಈಗ ಅಭ್ಯಾಸವಾಗಿದೆ. ಅರ್ಥವಾಗದಿದ್ದರೆ ಕೇಳುತ್ತೇನೆ, ಹಿಂದಕ್ಕೆ ಹೋಗುತ್ತದೆ. ಮರೆಯದೆ "ಥ್ಯಾಂಕ್ಸ್ ಸಾರ್" ಅನ್ನುತ್ತೇನೆ. ಇಷ್ಟು ತಾಳ್ಮೆಯ ಮೇಷ್ಟ್ರು ನನಗೆ ಚಿಕ್ಕಂದಿನಲ್ಲಿ ಸಿಕ್ಕಿದ್ದರೆ!

ಗಂಡ ಊಟಕ್ಕೆ ಬಂದವರು ಜೋರಾಗಿ ತೇಗಿದರು. "ಶ್! ಮೇಷ್ಟ್ರು ಕೇಳಿಸ್ಕೊಳ್ತಾರೆ" ಅಂದೆ.

"ಯಾವ ಮೇಷ್ಟ್ರೇ? ತಲೆಗೆ ಹಬೆ ಹತ್ತಿದೆ ನಿಂಗೆ" ಅಂತ ವ್ಯಾನ್ ಹತ್ತಿ ಹೋದರು.

ಅತ್ತೆಮ್ಮ ಮುಂದಿನ ಕೋಣೆಯಿಂದ, "ನನ್ ಸೊಸೆ ಓದಿ ಡಾಕ್ಟ್ರಾಗ್ತಾಳೆ, ಅಲ್ಲೀವರೆಗೆ ನಂಗೊಂದು ಲೋಟ ಟೀಗೂ ಗತಿ ಇಲ್ಲ" ಅಂದರು. ಇತ್ತೀಚೆಗೆ ಅವರು ಅಲ್ಲೇ ಕೂರುವುದು. ಫ್ಯಾನ್ ಗಾಳಿ ಚೆನ್ನಾಗಿದೆಯಂತೆ.

ಫೆಬ್ರವರಿ 15, ಶನಿವಾರ

ಅತ್ತೆಮ್ಮ ಗುರುವಾರ ಮಗಳ ಮನೆಗೆ ಹೋದರು. ಮೊಮ್ಮಗುವಿಗೆ ಜ್ವರ.

ಅವತ್ತಿನಿಂದ ಪಾಠ ಹಿಂದಕ್ಕೆ ಹೋಗುತ್ತಿಲ್ಲ. "ಇನ್ನೊಂದ್ಸಲ ಸಾರ್, ದಯವಿಟ್ಟು ಸಾರ್" — ಅವರ ಪಾಡಿಗೆ ಅವರು ಹೇಳಿಕೊಂಡು ಹೋಗುತ್ತಾರೆ. ನನ್ನಿಂದ ಏನು ತಪ್ಪಾಯಿತು? ಮೊನ್ನೆ ಆಕಳಿಸಿದ್ದೆ. ಅದಕ್ಕೇ ಬೇಜಾರಾಯಿತೇ? ಪರೀಕ್ಷೆ ಕಾಲಬುಡಕ್ಕೆ ಬಂತು. ಓಡೋಡಿ ಹೋಗಿ ನಾನೇ ಹಿಂದಕ್ಕೆ ಹಾಕಿ ಬರುವಷ್ಟರಲ್ಲಿ ಒಂದು ಅಂಗಿ ಸೀದುಹೋಯಿತು.

ಫೆಬ್ರವರಿ 17, ಸೋಮವಾರ

ನಾಚಿಕೆ ಬಿಟ್ಟು ಮೈದುನನಿಗೆ ಫೋನ್ ಮಾಡಿದೆ. ಮೇಷ್ಟ್ರಿಗೆ ನನ್ನ ಮಾತು ತಲುಪುತ್ತಿಲ್ಲ, ರಿಪೇರಿ ಮಾಡು ಅಂದೆ.

"ಅತ್ತಿಗೆ, ಅದು ಒನ್ ವೇ. ಶಬ್ದ ಕಂಪ್ಯೂಟರಿಂದ ಫೋನಿಗೆ ಬರುತ್ತೆ ಅಷ್ಟೇ. ವಾಪಸ್ ಹೋಗಲ್ಲ. ಆ ಪಾಠ ರೆಕಾರ್ಡ್ ಮಾಡಿ ಯಾವ ಕಾಲ ಆಯ್ತೋ!"

"ಮತ್ತೆ ಇಷ್ಟು ದಿನ ಹಿಂದಕ್ಕೆ ಹೋಗ್ತಿತ್ತಲ್ಲಪ್ಪ?"

"ಅಮ್ಮ. ಎಡಗಡೆ ಬಾಣದ ಬಟನ್ ಒತ್ತಿದ್ರೆ ಸ್ವಲ್ಪ ಹಿಂದಕ್ಕೆ ಹೋಗುತ್ತೆ ಅಂತ ನನ್ನತ್ರ ಕೇಳಿ ಕಲಿತ್ಕೊಂಡ್ಳು. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ನೀವೆಷ್ಟು ಜೋರಾಗಿ ಮಾತಾಡ್ತೀರಿ ಗೊತ್ತಾ? ಅಮ್ಮಂಗೇನು, ಇಡೀ ಬೀದಿಗೇ ಕೇಳುತ್ತೆ."

ಫೋನಿಟ್ಟು ಮುಂದಿನ ಕೋಣೆಗೆ ಹೋದೆ. ಕಂಪ್ಯೂಟರಿನ ಮುಂದೆ ಅತ್ತೆಮ್ಮನ ಕುರ್ಚಿ. ಫ್ಯಾನಿನ ಗಾಳಿ ಅಲ್ಲಿಗೆ ಬೀಸುವುದೇ ಇಲ್ಲ. ಮಧ್ಯಾಹ್ನದ ನಿದ್ದೆಗೆ ಯಾರಾದರೂ ಅಡ್ಡ ಬಂದರೆ ಸೂರು ಕಿತ್ತುಹೋಗುವ ಹಾಗೆ ಕೂಗುವ ಹೆಂಗಸು.

ಆ ಕುರ್ಚಿಯ ಮೇಲೇ ಕೂತು ಅತ್ತುಬಿಟ್ಟೆ. ಅಳು ಯಾಕೆ ಬಂತೋ. ಸಂತೋಷಕ್ಕೇ ಇರಬೇಕು.

ಫೆಬ್ರವರಿ 24, ಸೋಮವಾರ

ಅತ್ತೆಮ್ಮ ಬಂದರು. ಚೀಲ ಇಳಿಸುವ ಮೊದಲೇ, "ಯಾಕೆ ಹೇಳ್ಲಿಲ್ಲ?" ಅಂದೆ.

"ಹೇಳಿದ್ರೆ ನೀನು ಬಾಯಿ ಬಿಡ್ತಿದ್ಯಾ? ಅತ್ತೆಗೆ ಕೆಲಸ ಹೇಳ್ದಂಗಾಗುತ್ತೆ ಅಂತ ಉಗುಳು ನುಂಗ್ಕೊಂಡು ಕೂರ್ತಿದ್ದೆ. ನಿನ್ನ ನಾನು ಕಾಣೆನಾ?"

ನಿಜ. ಖಂಡಿತ ಕೇಳುತ್ತಿರಲಿಲ್ಲ.

"ಆದ್ರೂ ಆ ಮೇಷ್ಟ್ರಿಗೆ ಥ್ಯಾಂಕ್ಸ್ ಮೇಲೆ ಥ್ಯಾಂಕ್ಸು! ಬೆರಳು ಸವೆದಿದ್ದು ನಂದು."

ಟೀ ಮಾಡಿಕೊಟ್ಟೆ. ಗಡಿಬಿಡಿಯಲ್ಲಿ ಸಕ್ಕರೆ ಎರಡು ಸಲ ಹಾಕಿದ್ದೆ. ತಳದವರೆಗೂ ಕುಡಿದರು.

ಮೇ 3, ಶನಿವಾರ

ಪಾಸು.

ವಿಜ್ಞಾನ ಅಂಚಿಗೆ ಬಂದು ನಿಂತಿದೆ, ಆದರೂ ಪಾಸೇ. ಬೇರೆ ಯಾರದೋ ನಂಬರ್ ಇರಬಹುದೆಂದು ಮೈದುನನಿಂದ ಮತ್ತೆ ನೋಡಿಸಿದೆ. ಬೈದ. ಜೂನ್‌ನಿಂದ ಕೆಲಸಕ್ಕೆ ಬನ್ನಿ ಅಂತ ಆಸ್ಪತ್ರೆಯವರೂ ಹೇಳಿದರು. ಸೇರಿದ ಮೇಲೆ ಬೇಡ ಅಂದರೆ... ಇರಲಿ, ಇವತ್ತು ಅದು ಬೇಡ.

ಅತ್ತೆಮ್ಮ ಪಕ್ಕ ಬಂದು ಕೂತರು. "ಇನ್ನಾದ್ರೂ ಹೇಳೇ. ಆ ಮನುಷ್ಯ ಅಷ್ಟೊಂದು ಕೈ ಆಡಿಸ್ಕೊಂಡು ಏನು ಹೇಳ್ತಿದ್ದ?"

ಆಗ ಹೊಳೆಯಿತು. ಅವರಿಗೆ ಒಂದಕ್ಷರವೂ ಕೇಳಿಲ್ಲ. ಶಬ್ದವೆಲ್ಲ ನನ್ನ ಕಿವಿಗೆ. ಅಷ್ಟು ದಿನವೂ ಮೂಕ ಮೇಷ್ಟ್ರ ಎದುರು ಕೂತು, ನನ್ನ ಗೊಣಗಾಟ ಒಂದನ್ನೇ ಕೇಳಿಸಿಕೊಂಡಿದ್ದಾರೆ.

"ಎರಡು ದೊಡ್ಡ ದೊಡ್ಡ ಕಾಳು ಬರೆದು ಕೆಳಗೆ ಪೈಪ್ ಎಳೆದ್ನಲ್ಲ, ಅದು ತೋಟದ ಪಾಠ ತಾನೇ?"

"ಕಿಡ್ನಿ, ಅತ್ತೆಮ್ಮ."

"ಅಯ್ಯೋ! ನಾನು ಗಿಡಕ್ಕೆ ನೀರು ಬಿಡೋದು ಅಂದ್ಕೊಂಡಿದ್ನಲ್ಲೇ!"

ಇಬ್ಬರಿಗೂ ನಕ್ಕು ನಕ್ಕು ಕಣ್ಣಲ್ಲಿ ನೀರು. ಆಮೇಲೆ ಹೇಳಿದೆ, ನಿಧಾನವಾಗಿ. ರಕ್ತ ಹೇಗೆ ಒಳಗೆ ಹೋಗುತ್ತದೆ, ಹೇಗೆ ಸೋಸಿಕೊಂಡು ಬರುತ್ತದೆ. ನನಗೇ ಆಶ್ಚರ್ಯ, ಎಲ್ಲಿಯೂ ತಡವರಿಸಲಿಲ್ಲ. ಅವರು ಗಲ್ಲಕ್ಕೆ ಕೈ ಕೊಟ್ಟು ಕೇಳಿದರು.

"ಒಂದು ಕೆಟ್ರೆ?"

"ಇನ್ನೊಂದು ಎರಡರ ಕೆಲಸಾನೂ ಮಾಡುತ್ತೆ."

"ಹೂಂ" ಅಂದರು.

ಹೊರಗೆ ಬಟ್ಟೆ ಗಂಟು ಬಿದ್ದಿದೆ. ಬಿದ್ದಿರಲಿ. ಅತ್ತೆಮ್ಮ ಮತ್ತೆ ಕೂಗುತ್ತಿದ್ದಾರೆ — ಬೋರ್ಡಿನ ಮೇಲೆ ಮರ ತಲೆಕೆಳಗಾಗಿ ನೇತಾಡುತ್ತಿತ್ತಲ್ಲ, ಅದ್ಯಾವ ಪಾಠ ಅಂತ. ಶ್ವಾಸಕೋಶ. ಹೋಗಿ ಹೇಳ—