ಹತ್ತು ಕಿಲೋಮೀಟರಿನ ಒಳಗಿನವರು

ಪೊದ್‌ಬ್ರೆಗ್
ಭಾನುವಾರ, ೧೮ ಸೆಪ್ಟೆಂಬರ್ ೧೯೫೫

ನನ್ನ ಮುದ್ದು ಬೋಗ್ದಾನ್,

ಹೇಗಿದ್ದೀಯಪ್ಪಾ? ಹೊಟ್ಟೆನೋವು ಕಡಿಮೆಯಾಯಿತೆ? ಬೆಲ್‌ಗ್ರೇಡಿನ ಆ ಔತಣಗಳಲ್ಲಿ ಯಾರ ಮನಸ್ಸೂ ನೋಯಬಾರದೆಂದು ಬಡಿಸಿದ್ದನ್ನೆಲ್ಲ ತಿನ್ನುತ್ತೀಯ, ನನಗೆ ಗೊತ್ತು. ರಾತ್ರಿಯಾದರೂ ಒಂದಿಷ್ಟು ಜೋಳದ ಮುದ್ದೆಗೆ ಹಾಲು ಹಾಕಿಕೊಂಡು ತಿಂದು ಮಲಗು. ನಾನು ಚೆನ್ನಾಗಿದ್ದೇನೆ. ಎಷ್ಟೋ ವರ್ಷಗಳ ಮೇಲೆ ನಿನ್ನೆ ಕಣ್ತುಂಬ ನಿದ್ದೆ ಬಂತು.

ಯಾಕೆಂದರೆ ನಿನ್ನೆ ನಾನು ಗಡಿ ದಾಟಿ ನಿನ್ನ ದೊಡ್ಡಮ್ಮನ ಮನೆಗೆ ಹೋಗಿ ಬಂದೆ. ನೀನು ಇಟಲಿಯವರೊಂದಿಗೆ ತಿಂಗಳುಗಟ್ಟಲೆ ಕೂತು ಒಪ್ಪಿಸಿದ ಪಾಸು ನನ್ನ ಕೈಗೂ ಬಂತು. ಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿನಲ್ಲಿ ಎಳೆದ ಗೆರೆ ನಮ್ಮ ದ್ರಾಕ್ಷಿ ತೋಟದ ಕೆಳಗೇ ಹಾದು, ನಾವು ಯುಗೊಸ್ಲಾವಿಯಾಕ್ಕೂ ಅಕ್ಕ ಇಟಲಿಗೂ ಸೇರಿದ ದಿನದಿಂದ ಅವಳ ಹೊಗೆಗೂಡನ್ನಷ್ಟೇ ನೋಡುತ್ತಿದ್ದೆ. ಹೊಗೆ ಎದ್ದರೆ ಅಕ್ಕ ಎದ್ದಳು ಎಂದುಕೊಳ್ಳುವುದು, ಏಳದಿದ್ದರೆ ದಿನವಿಡೀ ಜೀವ ಕೈಯಲ್ಲಿ ಹಿಡಿದುಕೊಂಡಿರುವುದು. ಅದರ ಮೇಲೆ ಪಕ್ಕದ ಮನೆಯ ಮುದುಕ ಕೊರ್ಶಿಚ್‌ನ ಕೊಂಕು ಬೇರೆ: "ಪ್ಯಾರಿಸ್ಸಿಗೆ ಹೋಗಿ ಏನ್ ಕಿಸ್ದ ನಿನ್ ಮಗ? ಸ್ವಂತ ದೊಡ್ಡಮ್ಮನ್ನೇ ಇಟಲಿಯವ್ರಿಗೆ ಬರ್ಕೊಟ್ಟು ಬಂದ." ಆಗ ನೀನು ಮೇಜಿನ ಕೊನೆಯಲ್ಲಿ ಕೂತು ಬರೆದುಕೊಳ್ಳುವ ಗುಮಾಸ್ತ ಎಂದರೆ ಕೇಳುವವರು ಯಾರು? ಆಮೇಲೆ ನೀನು ಪ್ರಾಗ್, ರೋಮ್ ರಾಯಭಾರ ಕಚೇರಿಗಳೆಂದು ಮೇಲೇರುತ್ತ ಹೋದೆ. ಪೇಪರಿನಲ್ಲಿ ನಿನ್ನ ಚಿತ್ರ ಕಂಡಾಗ ಹಿಗ್ಗುತ್ತಿದ್ದೆ, ಬಾಗಿಲಾಚೆ ಕಾಲಿಟ್ಟರೆ ತಲೆ ತಗ್ಗಿಸುತ್ತಿದ್ದೆ. ಚಿಕ್ಕವನಿದ್ದಾಗಲೂ ನೀನು ಜಗಳವಾಡುವ ಇಬ್ಬರ ನಡುವೆ ನುಗ್ಗಿ ಇಬ್ಬರಿಂದಲೂ ಏಟು ತಿಂದು ಬರುತ್ತಿದ್ದೆ. ಅದೇ ಕೆಲಸಕ್ಕೆ ಈಗ ಸಂಬಳ ಕೊಡುತ್ತಾರೆ, ಅಷ್ಟೇ.

ಗಡಿಯಲ್ಲಿ ಕಾವಲುಗಾರ "ಬುಟ್ಟೀಲಿ ಏನಿದೆ ಅಜ್ಜಿ?" ಎಂದ. "ಕೋಳಿ ಕಣಪ್ಪ, ಅದಕ್ಕೂ ಪಾಸು ಬೇಕಾ?" ಎಂದೆ. ನಕ್ಕು ಬಿಟ್ಟ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದುಕೊಂಡು ಹೋಗಿದ್ದೆ, ಅವಳು "ಇಷ್ಟು ಹೊತ್ತು ಮಾಡೋದಾ? ಕಾಫಿ ಆರ್ಹೋಯ್ತು" ಎಂದು ಗದರಿದಳು. ಆಮೇಲೆ ನನ್ನ ಮುಖ ಸವರಿ, "ಹಲ್ಲೆಲ್ಲಾ ಎಲ್ ಕಳ್ಕೊಂಡ್ಯೇ?" ಎಂದಳು. ಇಬ್ಬರೂ ಅತ್ತೆವು, ನಕ್ಕೆವು, ಕೋಳಿ ಸಾರು ಮಾಡಿ ಉಂಡೆವು. ಎದೆಯ ಮೇಲಿದ್ದ ಕಲ್ಲು ಇಳಿಯಿತು ಮಗನೇ. ಬರುವಾಗ ಕಾಫಿಬೀಜ, ಒಂದು ಪೊರಕೆ ತಂದೆ. ನಮ್ಮ ಅಂಗಡಿಯಲ್ಲಿ ಪೊರಕೆಯೂ ಸಿಗುವುದಿಲ್ಲ ಎಂಬುದನ್ನು ನಿನ್ನ ಸರಕಾರಕ್ಕೆ ಹೇಳಬೇಡ. ಕೊರ್ಶಿಚ್ ತಾನೂ ಎರಡು ಪೊರಕೆ ಹೊತ್ತು ಬಂದವನು, ಟೋಪಿ ತೆಗೆದು, "ನಿನ್ ಮಗ ಪರವಾಗಿಲ್ಲ ಕಣೇ ತೆರೇಜಾ" ಎಂದ. ಅವನ ಬಾಯಲ್ಲಿ ಅದು ದೊಡ್ಡ ಬಿರುದು.

ದೇವರೇ ಇಲ್ಲ ಎನ್ನುವ ನಿನ್ನನ್ನು ಆ ದೇವರೇ ಕಾಪಾಡಲಿ. ಸೊಸೆಗೂ ಮಕ್ಕಳಿಗೂ ನನ್ನ ಮುತ್ತು.

ನಿನ್ನ ಅಮ್ಮ
ತೆರೇಜಾ

ತಾ.ಕ. ಮುಖ್ಯವಾದದ್ದನ್ನೇ ಬರೆದಿಲ್ಲ ನೋಡು. ಅಕ್ಕ ನಿನ್ನನ್ನು ನೋಡಬೇಕಂತೆ. ಮೊದಲ ಯುದ್ಧದಲ್ಲಿ ಊರು ಬಿಟ್ಟು ಓಡುವಾಗ ನನಗೆ ವಿಷಮಜ್ವರ. ಮೂರು ವರ್ಷದ ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ದಾಟಿದವಳು ಅವಳು. ಈಗ ಅವಳ ಕಣ್ಣು ಮಂಜಾಗಿದೆ, ಚಳಿಗಾಲ ಕಳೆಯುವಷ್ಟರಲ್ಲಿ ಇರುವ ಬೆಳಕೂ ಹೋಗುತ್ತದೆ ಎಂದಿದ್ದಾರೆ ಡಾಕ್ಟರು. ಕರೆತರುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಕಾವಲುಗಾರನನ್ನು ಕೇಳಿದರೆ, "ಗಡಿಯಿಂದ ಹತ್ತು ಕಿಲೋಮೀಟರ್ ಒಳಗೆ ವಾಸ ಇರೋರಿಗೆ ಮಾತ್ರ ಈ ಪಾಸು ಅಜ್ಜಿ, ಬೆಲ್‌ಗ್ರೇಡಿನವ್ರಿಗಿಲ್ಲ. ಯಾವ ಪುಣ್ಯಾತ್ಮ ಮಾಡಿದ್ನೋ ಈ ನಿಯಮಾನ" ಎಂದ. ಆ ಪುಣ್ಯಾತ್ಮ ಯಾರೆಂದು ನಾನು ಬಾಯಿ ಬಿಡಲಿಲ್ಲ. ನಿನ್ನ ದೊಡ್ಡ ಪಾಸ್‌ಪೋರ್ಟ್ ಹಿಡಿದು ಕಾರು, ಬಾವುಟ, ಪೊಲೀಸರ ಸಮೇತ ಬಂದರೆ ಅವಳು ಹೆದರಿ ಬಾಗಿಲು ಹಾಕಿಕೊಂಡಾಳು. ಅದಕ್ಕೇ ನಾಳೆ ಪಂಚಾಯಿತಿ ಕಚೇರಿಗೆ ಹೋಗಿ ನೀನು ಈ ಮನೆಯಲ್ಲೇ ವಾಸ ಎಂದು ಬರೆಸುತ್ತೇನೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಬಂದು ಮಲಗು, ಈ ವಯಸ್ಸಿನಲ್ಲಿ ಅಮ್ಮನನ್ನು ಸುಳ್ಳುಗಾರ್ತಿ ಮಾಡಬೇಡ.