ಶಿವಗಂಗಾನ ಒಪ್ಪತ್ತು

ಸೋಮವಾರ, ೩೦ ಡಿಸೆಂಬರ್, ಎಳ್ಳಮಾಸಿ. ಅಫಜಲಪುರ.

ಸಿಟ್ಟು ಇನ್ನೂ ಇಳಿದಿಲ್ಲ. ಹಬ್ಬದ ಎಡೆಯನ್ನು ಭೂತಾಯಿಗೆ ಎರಚುವ ಚರಗಕ್ಕೆ ಮಣ್ಣೂರಿಗೆ, ತಂಗಿ ಶಿವಕಾಂತಾನ ಹೊಲಕ್ಕೆ ಹೋಗಿದ್ದೆ. ಅವಳ ಮಗಳು ಶಿವಗಂಗಾ ಎಲ್ಲರ ಒತ್ತಾಯಕ್ಕೆ ಕಾಳು-ಸೊಪ್ಪಿನ ಭಜ್ಜಿಪಲ್ಯ, ಸಜ್ಜಿರೊಟ್ಟಿ ತಿಂದು, ಜೋಳದ ಮರೆಗೆ ಹೋಗಿ ಗಂಟಲಿಗೆ ಬೆರಳು ಹಾಕಿ ಕಕ್ಕಿದಳು. ದಪ್ಪಗಾಗುವ ಭಯಕ್ಕೆ ವರ್ಷದಿಂದ ಹೀಗೇ ಮಾಡುತ್ತಿದ್ದಾಳಂತೆ. ಇವತ್ತು ಊರು ಕಂಡಿತು.

ಕೂಡಲೇ ಬುತ್ತಿ ಮುಂದಿಟ್ಟುಕೊಂಡೇ ತಜ್ಞರ ಸಭೆ ಸೇರಿತು. "ಎಷ್ಟು ತಿಂಗಳಬೇ?" ಎಂದಳು ಒಬ್ಬಳು. "ಯಾರೋ ಭಾನಾಮತಿ ಮಾಟ ಮಾಡ್ಸ್ಯಾರ" ಎಂದ, ಬಾಯಿತುಂಬ ಕಡುಬು ತುಂಬಿಕೊಂಡ ಪಂಡಿತ. ರೋಗ ಎನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ.

ತಂಗಿಯ ಅತ್ತೆ ನಿಂಬೆವ್ವ ತೀರ್ಪು ಕೊಟ್ಟಳು: "ಘತ್ತರಗಿ ಭಾಗ್ಯವಂತಿ ದೇವಿಗೆ ಒಪ್ಪತ್ತು ಹಿಡದಾಳ, ಉಂಡದ್ದು ತಡೀಲಿಲ್ಲ ಅಂತ ಹೇಳ್ರಿ." ಆಹಾ! ದೇವರಿಗೆ ಹೆದರಿ ಊಟ ಬಿಟ್ಟರೆ ಪುಣ್ಯವಂತಿ, ತನ್ನ ಮೈಗೆ ಹೆದರಿ ಬಿಟ್ಟರೆ ಮನೆತನಗೇಡಿ. ಹೊಟ್ಟೆ ಒಂದೇ, ಸರ್ಟಿಫಿಕೇಟು ಎರಡು.

"ನಾಳೆ ಕಲಬುರ್ಗಿಗೆ, ಮನಸ್ಸಿನ ಡಾಕ್ಟರ್ ಕಡೆ ಕರ್ಕೊಂಡು ಹೋಗ್ತೇನಿ" ಅಂದೆ.

"ಹುಚ್ಚಿ ಅಂತಾರಣ್ಣಾ. ವರ ಯಾರು ಬರ್ತಾರ?" ಎಂದು ತಂಗಿ ಅತ್ತಳು.

"ಹುಡುಗಿನೇ ಉಳೀಲಿಲ್ಲಂದ್ರ ವರನಿಗೆ ಯಾರನ್ನ ತೋರಿಸ್ತಿಬೇ?" ಎಂದು ಕೂಗಿಬಿಟ್ಟೆ. ಸುತ್ತಲಿನ ಹೊಲಗಳಿಗೂ ಕೇಳಿಸಿತು. ಕೇಳಲಿ.

ನನ್ನನ್ನು ಬಸ್ಸಿಗೆ ಕಳಿಸಲು ಶಿವಗಂಗಾನೇ ಬಂದಳು. "ನಾಳೆ ಬರ್ತೇನಿ ಮಾಮಾ. ಅಲ್ಲಿ ತೂಕ ಮಾಡಿದ್ರ, ಎಷ್ಟದ ಅಂತ ನನಗ ಹೇಳಬ್ಯಾಡ್ರಿ ಅಂತ ಡಾಕ್ಟರಿಗೆ ಹೇಳ್ರಿ."

ಆಯ್ತವ್ವಾ ಅಂದೆ. ಬಸ್ಸು ಹೊರಟಾಗ ಟಾಟಾ ಮಾಡಲು ಕೈ ಎತ್ತಿದಳು. ಬಳೆಗಳೆಲ್ಲ ಮೊಳಕೈತನಕ ಜಾರಿದವು.