ಹದಿನಾಲ್ಕನೆಯ ಜಾರ್

ಮಾರ್ಚ್ 4, ಸೋಮವಾರ

ಎಂಟಕ್ಕೆ ವೈದ್ಯಕೀಯ ಕಾಲೇಜಿನ ಸಂಗ್ರಹದ ಕೋಣೆಯ ಬೀಗ ತೆಗೆದೆ. ಕಿಟಕಿ ತೆರೆದು ಫಾರ್ಮಲಿನ್ ವಾಸನೆ ಹೊರಗೆ ಬಿಟ್ಟೆ. ಹೊರಗೆ ಮೈನಸ್ ಹದಿನೆಂಟು, ಹತ್ತು ನಿಮಿಷಕ್ಕಿಂತ ಹೆಚ್ಚು ತೆರೆದಿಡುವಂತಿಲ್ಲ. ಜಾರ್ ಎಣಿಸಿದೆ. ಮೂವತ್ತೆರಡು. ಎಲ್ಲಿಗೆ ಹೋಗುತ್ತವೆ? ಆದರೂ ಎಣಿಸುವುದು — ಮೂವತ್ತು ವರ್ಷದ ಚಾಳಿ. ಏಳನೆಯದರಲ್ಲಿ ದ್ರವ ಒಂದು ಬೆರಳು ಇಳಿದಿತ್ತು, ತುಂಬಿಸಿದೆ.

ಹತ್ತಕ್ಕೆ ಮೊದಲ ವರ್ಷದವರು ಬಂದರು. ವಿಭಾಗದ ಮುಖ್ಯಸ್ಥರು, ತೊಲೆಗೆನ್ ಸಾಪಾರೊವಿಚ್, ವರ್ಷವರ್ಷದ ಮಾತನ್ನೇ ಆಡಿದರು. "ಈ ಹುಲ್ಲುಗಾವಲಲ್ಲಿ ನಲವತ್ತು ವರ್ಷ ಅಣುಬಾಂಬ್ ಸಿಡಿಸಿ ನೋಡಿದ್ರು. ಆ ಪರೀಕ್ಷಾ ಮೈದಾನ ಮುಚ್ಚಿದ ದಿನ ಕಾಗದಪತ್ರ ಎಲ್ಲಾ ಲಾರಿ ಹತ್ತಿ ಹೋಯ್ತು. ಈ ಕೂಸುಗಳು ಮಾತ್ರ ಇಲ್ಲೇ ಉಳಿದ್ವು. ಹುಟ್ಟೋ ಮುಂಚೆ ಹೋದವು, ಹುಟ್ಟಿದ ಗಳಿಗೇಲೇ ಹೋದವು. ಇವೇ ಸಾಕ್ಷಿ. ಆದ್ರೆ ಒಂದು ನೆನಪಿಡಿ. ಯಾವ ಊರು, ಯಾವ ವರ್ಷ, ಯಾವ ತಾಯಿ — ಲೇಬಲ್ ಇಲ್ದಿದ್ರೆ ಸಾಕ್ಷಿ ಅಲ್ಲ, ಬರೀ ಮಾಂಸ."

ಎಂದಿನಂತೆ ಹಿಂದೆ ನಿಂತು ಕೇಳಿದೆ. ಎಂದಿನಂತೆ ನೆಲ ನೋಡಿದೆ.

ಒಬ್ಬಳು ತಲೆಸುತ್ತಿ ಕೂತಳು. ಪ್ರತಿ ವರ್ಷ ಒಬ್ಬಳು ಇರುತ್ತಾಳೆ, ಸಿಹಿ ಚಹಾ ಮಾಡಿಟ್ಟಿರುತ್ತೇನೆ. ಇನ್ನೊಬ್ಬಳು ಜಾರ್ ನೋಡಲೇ ಇಲ್ಲ, ಲೇಬಲ್‌ಗಳನ್ನೇ ಓದುತ್ತಿದ್ದಳು. ಹದಿನಾಲ್ಕರ ಮುಂದೆ ತುಂಬಾ ಹೊತ್ತು ನಿಂತಳು.

ಮಾರ್ಚ್ 12, ಮಂಗಳವಾರ

ಬಾಗಿಲಲ್ಲಿ ಒಬ್ಬ ಮುದುಕಿ. ಬಿಳಿ ತಲೆವಸ್ತ್ರ, ಉಣ್ಣೆಯ ಬೂಟು. ಜೊತೆಗೆ ಕಳೆದ ವಾರ ಲೇಬಲ್ ಓದುತ್ತಿದ್ದ ಹುಡುಗಿ — ಮುದುಕಿಯ ತಮ್ಮನ ಮೊಮ್ಮಗಳಂತೆ. ಮುದುಕಿಯ ಹೆಸರು ಕನೀಪಾ. ಬಸ್ಸಿನಲ್ಲಿ ನಾಲ್ಕು ಗಂಟೆ ಬಂದಿದ್ದಾರೆ.

"ಹದಿನಾಲ್ಕು ಯಾವ್ದು, ಮಗಳೇ?"

"ಯಾಕೆ, ಅಪಾ?" ಎಂದೆ, ಅಜ್ಜಿಯರನ್ನು ಕರೆಯುವ ಹಾಗೆ.

"ನಂದು ಕಣಮ್ಮಾ ಅದು."

ಲೇಬಲ್‌ನಲ್ಲೂ ಅವರದೇ ಹೆಸರು, 1971ರ ನವೆಂಬರ್. ಏಳನೆಯ ತಿಂಗಳಲ್ಲಿ ಹೆರಿಗೆ. ಮಗುವನ್ನು ತೋರಿಸಲೂ ಇಲ್ಲವಂತೆ. ಗಂಡು, ಉಸಿರಾಡಲಿಲ್ಲ, ಆಸ್ಪತ್ರೆಯ ಹಿತ್ತಲಲ್ಲಿ ಹೂತೆವು ಎಂದರಂತೆ. ಅಂದಿನಿಂದ ಪ್ರತಿ ಶುಕ್ರವಾರ ಸತ್ತವರ ಹೆಸರಲ್ಲಿ ಕರಿಯುವ ಏಳು ಶೆಲ್ಪೆಕ್ ರೊಟ್ಟಿ ಕರಿದು ನೆರೆಯವರಿಗೆ ಹಂಚಿ, ಪ್ರಾರ್ಥನೆ.

"ನಲವತ್ತೇಳು ವರ್ಷ ಆ ಆಸ್ಪತ್ರೆ ಹಿತ್ತಲ ಕಡೆ ಮುಖ ಮಾಡಿ ಕೈ ಎತ್ತಿದೀನಿ. ಇವ್ನು ನೋಡಿದ್ರೆ ನಿನ್ನ ಕಪಾಟಲ್ಲಿ!"

ಕರೆದುಕೊಂಡು ಹೋಗಿ ತೋರಿಸಿದೆ. ಅಳಲಿಲ್ಲ. ಗಾಜಿನ ಮೇಲೆ ಅಂಗೈ ಇಟ್ಟರು. "ತಣ್ಣಗಿದೆ. ಚಳಿ ಆಗಲ್ವಾ ಅವನಿಗೆ ಅಂತ ಕೇಳಿದ್ರೆ ಹುಚ್ಚಿ ಅಂತೀಯ," ಎಂದರು. ಆಮೇಲೆ, "ಮಣ್ಣು ಮಾಡ್ಬೇಕು ಇವನನ್ನ. ನಾನು ಹೋಗೋದ್ರೊಳಗೆ. ಕೊಡ್ಸು."

ಮುಖ್ಯಸ್ಥರನ್ನು ಕೇಳುತ್ತೇನೆ ಎಂದೆ. ಹೇಳಬೇಕಾದ ಮಾತು ಬೇರೆಯೇ ಇತ್ತು. ಹೇಳಲಿಲ್ಲ.

ಮಾರ್ಚ್ 13

ಇಲ್ಲಾದರೂ ಬರೆಯುತ್ತೇನೆ. ಯಾರು ಓದುತ್ತಾರೆ.

1995ರ ಫೆಬ್ರವರಿ. ಊರಿಗೇ ಹೀಟಿಂಗ್ ಇರಲಿಲ್ಲ. ಮೂರು ದಿನದ ರಜೆ ಮುಗಿಸಿ ಬಂದು ನೋಡಿದರೆ ಕೋಣೆಯೊಳಗೇ ಮಂಜು. ಕೆಳಗಿನ ಸಾಲಿನಲ್ಲಿ ಎರಡು ಜಾರ್ ಹೆಪ್ಪುಗಟ್ಟಿ ಸೀಳಿದ್ದವು. ದ್ರವ ನೆಲದ ಮೇಲೆ ಮಂಜುಗಡ್ಡೆ. ಹದಿನಾಲ್ಕು ಮತ್ತು ಹತ್ತೊಂಬತ್ತು. ಎರಡೂ ಗಂಡು, ಎರಡೂ ಏಳು ತಿಂಗಳಿನವು, ನೋಡಲು ಒಂದೇ ಥರ. ಲೇಬಲ್‌ಗಳು ಗಾಜಿನಿಂದ ಉದುರಿ ಮಂಜುಗಡ್ಡೆಗೆ ಅಂಟಿದ್ದವು. ಬೇರೆ ಯಾರೂ ಕೆಲಸಕ್ಕೆ ಬಂದಿರಲಿಲ್ಲ — ಆಗ ಸಂಬಳವೇ ಇರಲಿಲ್ಲ, ಯಾರು ಬರುತ್ತಾರೆ. ಮನೆಗೆ ಓಡಿ ಸೌತೆಕಾಯಿ ಉಪ್ಪಿನಕಾಯಿಯ ಮೂರು ಲೀಟರಿನ ಎರಡು ಜಾರ್ ತೊಳೆದು ತಂದೆ. ಕೂಸುಗಳನ್ನು ಅದರೊಳಗೆ ಇಳಿಸಿದೆ. ಬೆರಳುಗಳು ಮರಗಟ್ಟಿದ್ದವು. ಲೇಬಲ್ ಒಣಗಿಸಿ ಅಂಟಿಸುವಾಗ ಕೈ ನಿಂತಿತು.

ಯಾವುದು ಯಾವುದಕ್ಕೆ?

ಎಡಗಡೆಯದು ಹದಿನಾಲ್ಕು ಅಂದುಕೊಂಡೆ. ಅಂದುಕೊಂಡೆ, ಅಷ್ಟೆ. ಅಂಟಿಸಿದೆ. ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಹೇಳಿದ್ದರೆ ಬೈದು ಬಿಡುತ್ತಿದ್ದರು. ಒಂದು ದಿನ ಹೇಳದೆ ಹೋದೆ, ಮರುದಿನ ಹೇಳುವುದು ಕಷ್ಟವಾಯಿತು, ಹತ್ತು ವರ್ಷವಾದ ಮೇಲೆ ಹೇಳುವ ಪ್ರಶ್ನೆಯೇ ಇರಲಿಲ್ಲ.

ಹತ್ತೊಂಬತ್ತರ ಲೇಬಲ್: ತಾಯಿ ಇ. ಗೆರ್ಬರ್, ಜರ್ಮನ್, 1968. ಯುದ್ಧಕಾಲದಲ್ಲಿ ಇಲ್ಲಿಗೆ ಗಡೀಪಾರಾಗಿದ್ದ ಆ ಸಂಸಾರ ಎಂದೋ ಜರ್ಮನಿಗೆ ಹೊರಟುಹೋಗಿದೆ.

ಮಾರ್ಚ್ 15, ಶುಕ್ರವಾರ

ಮುಖ್ಯಸ್ಥರು ಒಪ್ಪಲಿಲ್ಲ. "ಮಾಕೆನ್, ನಾನೇನು ಕಲ್ಲಾ? ನನಗೂ ಸಂಕಟ ಆಗುತ್ತೆ. ಆದ್ರೆ ಒಂದು ಕೊಟ್ರೆ ನಾಳೆ ಹತ್ತು ಜನ ಬರ್ತಾರೆ. ಕಪಾಟು ಖಾಲಿ ಆಗುತ್ತೆ. ಆಮೇಲೆ ಯಾರೋ ಎದ್ದು, ಇಲ್ಲಿ ಏನೂ ಆಗಿರ್ಲೇ ಇಲ್ಲ ಅಂತಾನೆ. ಅವನಿಗೆ ಏನು ತೋರ್ಸಲಿ?"

ಅದೂ ಸರಿ. ಅವರು ಇಪ್ಪತ್ತು ವರ್ಷ ಕೂತು ಒಂದು ನಕಾಶೆ ಮಾಡಿದ್ದಾರೆ — ಯಾವ ಹಳ್ಳಿ, ಮೈದಾನದಿಂದ ಎಷ್ಟು ದೂರ, ಯಾವ ವರ್ಷ, ಎಂಥ ಕೂಸು. ಮೂವತ್ತೆರಡು ಚುಕ್ಕೆಗಳು. ಜೂನ್‌ನಲ್ಲಿ ಹೊರದೇಶದ ವಿಜ್ಞಾನಿಗಳ ಮುಂದೆ ಇಡಬೇಕು. ಅದರಲ್ಲಿ ಎರಡು ಚುಕ್ಕೆ ನನ್ನ ಅಂದಾಜು.

ಮಾರ್ಚ್ 26, ಮಂಗಳವಾರ

ಕನೀಪಾ ಅಪಾ ಮತ್ತೆ ಬಂದರು. ಇದು ಮೂರನೆಯ ಮಂಗಳವಾರ. ಸ್ಟೂಲ್ ಎಳೆದುಕೊಂಡು ಹದಿನಾಲ್ಕರ ಮುಂದೆ ಕೂತು ಜಪಮಣಿ ಎಣಿಸುತ್ತಾರೆ, ಊರ ಸುದ್ದಿ ಹೇಳುತ್ತಾರೆ. ನನಗಲ್ಲ, ಅವನಿಗೆ. ಯಾವ ಹಸು ಕರು ಹಾಕಿತು, ಯಾರ ಸೊಸೆ ಸಿಡುಕಿ.

ನನಗೂ ರೊಟ್ಟಿ ತಂದಿದ್ದರು. "ತಿನ್ನು. ಬಡಕಲು ಆಗಿದೀಯ. ಈ ವಾಸನೆ ಕುಡ್ಕೊಂಡೇ ಬದುಕ್ತೀಯಾ ಹೇಗೆ?"

"ಅಭ್ಯಾಸ ಆಗಿದೆ, ಅಪಾ."

"ನಿನ್ನ ಮಕ್ಕಳು?"

"ಇಬ್ರು. ಚೆನ್ನಾಗಿದಾರೆ."

ಹೇಳಿ ನಾಚಿಕೆಯಾಯಿತು. ಅದೇ ಗಾಳಿ ಕುಡಿದವಳು ನಾನೂ. ಅಪಾ ಮಾತ್ರ, "ದೇವರು ಹಾಗೇ ಇಟ್ಟಿರ್ಲಿ," ಎಂದು ಪ್ರಾರ್ಥನೆಯ ಅಂಗೈಗಳಿಂದ ಮುಖ ಸವರಿಕೊಂಡರು. ತಮ್ಮ ಮಗನಿಗೆ ಹೆಸರು ಮೊದಲೇ ಇಟ್ಟುಕೊಂಡಿದ್ದರಂತೆ — ತುರ್ಸಿನ್. ನಿಲ್ಲಲಿ, ಉಳಿಯಲಿ ಎಂದು. ಅವನಿಗಿಂತ ಮುಂಚೆ ಎರಡು ಹೋಗಿದ್ದವು.

ಕಿವಿಯಲ್ಲಿ ಮೂರು ಸಲ ಹೆಸರು ಕೂಗಿ ಮಣ್ಣು ಮಾಡಬೇಕು, ಇಲ್ಲದಿದ್ದರೆ ಅಲ್ಲಿ, ದೇವರ ಮುಂದೆ, ಕರೆದಾಗ ಅವನಿಗೆ ಹೇಗೆ ಗೊತ್ತಾಗಬೇಕು ಎನ್ನುತ್ತಾರೆ. ಗಾಜಿನ ಮೇಲೆ ಬಾಯಿಟ್ಟು ಮೆಲ್ಲಗೆ ಕರೆದರು. ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತೆ. ಅದು ಅವರ ಮಗನ ಕಿವಿಯೋ, ಗೆರ್ಬರಳ ಮಗನದೋ. ನನಗೆ ಗೊತ್ತಿಲ್ಲ.

ಏಪ್ರಿಲ್ 3, ಬುಧವಾರ

ಮುಖ್ಯಸ್ಥರು ಕರೆದರು. ನಗುತ್ತಿದ್ದರು. ಮುದುಕಿಯ ಅರ್ಜಿ ಮೇಲಿನವರೆಗೆ ಹೋಗಿ ಬಂದಿದೆ. ಫೋಟೋ, ಅಳತೆ, ದಾಖಲೆ ಇಲ್ಲಿರಲಿ, ದೇಹ ಕೊಡಬಹುದು. ಹದಿನಾಲ್ಕು ಒಂದು ಮಾತ್ರ. "ಹೇಳಿ ಆಕೆಗೆ. ನೀವೇ ಹೇಳಿ, ನಿಮ್ಮನ್ನ ಕಂಡ್ರೆ ಆಕೆಗೆ ಪ್ರೀತಿ."

ಡಿಎನ್ಎ ಪರೀಕ್ಷೆ ಮಾಡಿ ನೋಡಬಹುದಲ್ಲ ಎಂದೆ.

"ಅಯ್ಯೋ, ಹೋದ ಸಲ ಮೂರು ಕೂಸಿಂದು ಕಳಿಸಿದ್ವಲ್ಲ, ಮರೆತ್ರಾ? ಫಾರ್ಮಲಿನ್ ಎಲ್ಲಾ ತಿಂದುಬಿಟ್ಟಿದೆ, ಏನೂ ಓದಕ್ಕಾಗಲ್ಲ ಅಂದ್ರು. ಯಾಕೆ ಬೇಕು ಅದೆಲ್ಲ? ಲೇಬಲ್ ಇದೆಯಲ್ಲ."

ಲೇಬಲ್ ಇದೆ.

ಸುಮ್ಮನಿದ್ದರೆ ಮುಗಿಯಿತು. ಅಪಾ ನೆಮ್ಮದಿಯಾಗಿ ಹೂಳುತ್ತಾರೆ, ನೆಮ್ಮದಿಯಾಗಿ ಸಾಯುತ್ತಾರೆ. ನಕಾಶೆ ಉಳಿಯುತ್ತದೆ. ನನಗೆ ಡಿಸೆಂಬರ್‌ನಲ್ಲಿ ನಿವೃತ್ತಿ. ಯಾರಿಗೂ ನಷ್ಟವಿಲ್ಲ… ಕಪಾಟಿನಲ್ಲಿ ಉಳಿಯುವವನಿಗೆ ಬಿಟ್ಟು. ಉಳಿಯುವವನು ತುರ್ಸಿನ್ ಆಗಿದ್ದರೆ?

ಏಪ್ರಿಲ್ 9, ಮಂಗಳವಾರ

ಹೇಳಿದೆ.

ಮಧ್ಯಾಹ್ನ, ಅನುಮತಿಯ ಸುದ್ದಿ ತಿಳಿಸಿ ಚಹಾ ಕೊಟ್ಟ ಮೇಲೆ. ಎರಡೂ ಜಾರ್ ಮೇಜಿನ ಮೇಲೆ ತಂದಿಟ್ಟು ಹೇಳಿದೆ. ಮಂಜುಗಡ್ಡೆ, ಉಪ್ಪಿನಕಾಯಿ ಜಾರ್, ಎಲ್ಲ. ಅಪಾ ಕಪ್ ಕೆಳಗಿಟ್ಟರು.

"ಇಷ್ಟು ದಿನ ನಾನು ಯಾರ ಜೊತೆ ಮಾತಾಡ್ತಿದ್ದೆ ಹಾಗಾದ್ರೆ?"

ಮೇಜಿನ ಮೇಲೆ ಚೆಲ್ಲಿದ ಚಹಾ ಒರೆಸಿದೆ.

"ನನ್ನ ರೊಟ್ಟಿ ತಿಂದ್ಯಲ್ಲೇ! ಎದುರಿಗೆ ಕೂತು ತಿಂದೆ! ಇಪ್ಪತ್ನಾಲ್ಕು ವರ್ಷ ಬಾಯಿಗೆ ಬೀಗ ಜಡ್ಕೊಂಡು, ಈಗ ನಾನು ಗೋರಿ ತೋಡಿಸ್ತೀನಿ ಅನ್ನೋವಾಗ ಬಾಯಿ ಬಿಡ್ತೀಯಾ? ಮುಚ್ಕೊಂಡೇ ಇರಕ್ಕಾಗ್ಲಿಲ್ವಾ ನಿಂಗೆ?"

"ಆಗ್ಲಿಲ್ಲ, ಅಪಾ."

ಎರಡು ಜಾರನ್ನೂ ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಮೂಗು ಗಾಜಿಗೆ ತಗಲುವಷ್ಟು ಹತ್ತಿರ. ಆಮೇಲೆ ಕನ್ನಡಕ ತೆಗೆದರು. "ಒಂದು ಸಲಾನೂ ತೋರಿಸ್ಲಿಲ್ಲ ಅವ್ರು. ಹೇಗೆ ಗುರುತು ಹಿಡೀಲಿ ನಾನು?" ಆಗ ಅತ್ತರು. ನನಗೆ ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು, "ಎರಡೂ ಕೊಡು," ಎಂದರು.

"ಒಂದು ಜರ್ಮನ್ ಹೆಂಗಸಿನದು, ಅಪಾ. ಅವರ ಧರ್ಮ ಬೇರೆ."

"ಬಾಂಬು ಕೇಳ್ತಾ ಅದನ್ನ? ಅವಳು ಬಂದು ಕೇಳಿದ್ರೆ ಗೋರಿ ತೋರಿಸ್ತೀನಿ. ನಿನ್ನ ಹಾಗೆ ಕಪಾಟು ತೋರಿಸಲ್ಲ."

ಏಪ್ರಿಲ್ 11

ಮುಖ್ಯಸ್ಥರಿಗೂ ಹೇಳಿದೆ. ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಬಿಳಿಚಿತು. ಕೂಗಾಡಿದ್ದರೆ ಚೆನ್ನಾಗಿತ್ತು.

"ಉಳಿದ ಮೂವತ್ತು?"

"ಅವು ಸರಿ ಇವೆ. ಮಕ್ಕಳ ಆಣೆ."

"ಯಾರ ಆಣೆ ನಂಬಲಿ, ಮಾಕೆನ್? ಜೂನ್‌ನಲ್ಲಿ ಅವ್ರು ಕೇಳ್ತಾರೆ, ಎರಡು ಕೆಟ್ಟಿದ್ರೆ ಉಳಿದದ್ದು ಕೆಟ್ಟಿಲ್ಲ ಅಂತ ಏನು ಗ್ಯಾರಂಟಿ ಅಂತ. ನಾನು ಏನಂತ ಹೇಳ್ಲಿ? ನಮ್ಮ ಮಾಕೆನ್ ತುಂಬಾ ಒಳ್ಳೆ ಹೆಂಗಸು ಅಂತ ಹೇಳ್ಲಾ?"

"ಹೇಳದೆ ಇರ್ಬಹುದು ನೀವು." ಬಾಯಿತಪ್ಪಿ ಬಂತು.

"ಆಗಲ್ಲ. ನಿಮಗೂ ಆಗ್ಲಿಲ್ವಲ್ಲ."

ನಕಾಶೆ ತೆಗೆದು ಎರಡು ಚುಕ್ಕೆಗಳ ಮೇಲೆ ಬಿಳಿ ಬಳಿದರು. ಆಮೇಲೆ ಉಳಿದ ಮೂವತ್ತನ್ನು ನೋಡುತ್ತಾ ಕೂತರು. ಇಪ್ಪತ್ತು ವರ್ಷದ ಕೆಲಸ. ಅವರಿಗೆ ನಾನು ಮಾಡಿದ್ದು ಸಣ್ಣದಲ್ಲ.

ಏಪ್ರಿಲ್ 22, ಸೋಮವಾರ

ಹನ್ನೊಂದು ದಿನ ಏನೂ ಬರೆದಿಲ್ಲ. ವಿಚಾರಣೆ, ಹೇಳಿಕೆ, ಸಹಿ. ನಿವೃತ್ತಿ ಈಗಲೇ ತೆಗೆದುಕೊಳ್ಳಿ ಎಂದರು, ಬರೆದುಕೊಟ್ಟೆ.

ಇವತ್ತು ಕಾಗದ ಬಂತು. 'ಹದಿನಾಲ್ಕು ಮತ್ತು ಹತ್ತೊಂಬತ್ತು — ಮೂಲ ಖಚಿತವಿಲ್ಲ. ವೈಜ್ಞಾನಿಕ ಮೌಲ್ಯವಿಲ್ಲ. ಸಂಗ್ರಹದಿಂದ ತೆಗೆಯಲಾಗಿದೆ.' ಮೌಲ್ಯವಿಲ್ಲ ಎಂಬುದನ್ನು ಎರಡು ಸಲ ಓದಿದೆ. ಆದರೆ ಆ ಸಾಲು ಇರುವುದರಿಂದಲೇ ಎರಡನ್ನೂ ಒಯ್ಯಬಹುದು. ಲೇಬಲ್ ಸರಿ ಇದ್ದಿದ್ದರೆ ಒಂದೇ ಸಿಗುತ್ತಿತ್ತು.

ಮುಖ್ಯಸ್ಥರೇ ಬಂದು ಜಾರ್ ಇಳಿಸಲು ಕೈ ಜೋಡಿಸಿದರು. ಇಬ್ಬರೂ ಸೇರಿ ಕೂಸುಗಳನ್ನು ನೀರಿನಲ್ಲಿ ತೊಳೆದೆವು, ಮೂರು ಸಲ ನೀರು ಬದಲಿಸಿ. ಕೊನೆಗೆ, "ಮಣ್ಣಿನ ಹೆಪ್ಪು ಕರಗಿದೆಯಾ ಅಲ್ಲಿ?" ಎಂದು ಕೇಳಿದರು. ಕರಗಿದೆಯಂತೆ ಎಂದೆ.

ಏಪ್ರಿಲ್ 26, ಶುಕ್ರವಾರ, ಸಂಜೆ

ಅಪಾ ಮನೆಯಲ್ಲಿದ್ದೇನೆ. ಇವತ್ತು ಹೋಗಬೇಡ ಎಂದಿದ್ದಾರೆ.

ಬೆಳಿಗ್ಗೆ ತಲುಪಿದಾಗ ಅಂಗಳದ ತುಂಬಾ ಜನ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿರಬೇಕು. ಹೆಂಗಸರು ಎಣ್ಣೆ ಕಾಯಿಸುತ್ತಿದ್ದರು, ನನ್ನ ಕೈಗೂ ಹಿಟ್ಟು ಕೊಟ್ಟರು. ಹದಿನಾಲ್ಕು ರೊಟ್ಟಿ ಲಟ್ಟಿಸಿದೆವು, ಒಬ್ಬೊಬ್ಬನಿಗೆ ಏಳು.

ಬಿಳಿ ಬಟ್ಟೆಯಲ್ಲಿ ಎರಡು ಪುಟ್ಟ ಕಟ್ಟು. ನಮ್ಮಲ್ಲಿ ಹೆಂಗಸರು ಗೋರಿಯ ಹತ್ತಿರ ಹೋಗುವಂತಿಲ್ಲ. ಹೊರಡುವ ಮುಂಚೆ ಮುಲ್ಲಾ ಹೊಸ್ತಿಲಿಗೆ ಬಂದರು. ಕಿವಿಯಲ್ಲಿ ಕೂಗಲು ಹೆಸರು ಬೇಕು.

"ತುರ್ಸಿನ್," ಎಂದರು ಅಪಾ. "ಇಬ್ಬರ ಕಿವೀಲೂ ಕೂಗಿ. ಯಾರಿಗೆ ಸೇರ್ಬೇಕೋ ಅವನಿಗೆ ಸೇರುತ್ತೆ."

"ಸರಿ, ಅಜ್ಜಿ. ಇನ್ನೊಬ್ಬನ ಹೆಸರು?"

ಅಪಾ ನನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದರು. "ಇವಳು ಹೇಳ್ತಾಳೆ. ಮೂವತ್ತು ವರ್ಷ ನೋಡ್ಕೊಂಡವಳು ಇವಳೇ."

ಹಿಟ್ಟಿನ ಕೈ ಹಾಗೇ ಇತ್ತು. ಬಾಯಿ ತೆರೆದೆ.

"ಹತ್ತೊಂಬತ್ತು."

ಅದೇ ಬಂತು. ಬೇರೆ ಏನೂ ಬರಲಿಲ್ಲ. ಯಾರೂ ನಗಲಿಲ್ಲ, ಬೈಯಲಿಲ್ಲ. ಮುಲ್ಲಾ ತೀರಾ ಮೆತ್ತಗೆ, "ನಂಬರಲ್ಲ ಮಗಳೇ, ಹೆಸರು," ಎಂದರು.

ಅಪಾ ನನ್ನ ಮೊಣಕೈ ಹಿಡಿದುಕೊಂಡರು. ಒಂದು ಹೆಸರು ಹೇಳಿದೆ ಆಮೇಲೆ. ಮುಲ್ಲಾ ಒಂದು ಸಲ ತಾವೂ ಹೇಳಿನೋಡಿಕೊಂಡು, ತಲೆಯಾಡಿಸಿ ಹೊರಟರು. ಗಂಡಸರು ಅವರ ಹಿಂದೆ ಹೋದರು.

ಆ ಹೆಸರನ್ನು ಇಲ್ಲಿ ಬರೆದಿಡೋಣವೆಂದೇ ಪುಸ್ತಕ ತೆಗೆದೆ. ಆಗುತ್ತಿಲ್ಲ. ಅಂದಾಜಿನಲ್ಲಿ ಲೇಬಲ್ ಅಂಟಿಸಿದ ಕೈ ಇದು. ಅವನ ಹೆಸರು…